"ಅಕ್ಕಾರೆ, ಏನ್ ತಿಂದು ಇಳದ್ರಿ?"

ಕಲಬುರಗಿಯ ಅಪ್ಪನ ಕೆರೆ ಸುತ್ತ ಬೆಳಿಗ್ಗೆ ನಡೆಯುವಾಗ ಯಾರಾದರೂ ನಿಲ್ಲಿಸಿ ಇದನ್ನೇ ಕೇಳುತ್ತಾರೆ. "ರೊಟ್ಟಿ ಬಿಟ್ರೇನು?" ಅನ್ನುವುದು ಎರಡನೇ ಪ್ರಶ್ನೆ. ಹತ್ತು ತಿಂಗಳಲ್ಲಿ 78 ಕೆಜಿಯಿಂದ 69ಕ್ಕೆ ಬಂದಿದ್ದೇನೆ. ರೊಟ್ಟಿ ಬಿಟ್ಟಿಲ್ಲ. ದಿನಾ ಬರೆದಿಟ್ಟೆ, ಬರೆದದ್ದನ್ನು ಓದಿದೆ.

ನಿಜ ಹೇಳಬೇಕೆಂದರೆ ಮೊದಲ ಎರಡು ವಾರ ರೊಟ್ಟಿ ಬಿಟ್ಟಿದ್ದೆ. ಎಲ್ಲರೂ ಹೇಳಿದ್ದು ಅದನ್ನೇ. ಆಗಲೇ ಒಂದು ನೋಟ್‌ಬುಕ್ ಶುರು ಮಾಡಿದ್ದೆ: ಬೆಳಗಿನ ತೂಕ, ತಿಂದದ್ದು, ತಿಂದ ಹೊತ್ತು, ನಡೆದ ನಿಮಿಷ, ನಿದ್ದೆ. ಹದಿನಾಲ್ಕು ದಿನದ ಪುಟ ಒಟ್ಟಿಗೆ ಓದಿದಾಗ ಗೊತ್ತಾಯಿತು. ಹೆಚ್ಚುಕಮ್ಮಿ ದಿನಾ ಸಂಜೆ ಐದಕ್ಕೆ ಮಂಡಾಳ (ಮಂಡಕ್ಕಿ), ಜೊತೆಗೆ ಮಿರ್ಚಿ ಭಜಿ. ಮಧ್ಯಾಹ್ನ ಹೊಟ್ಟೆ ತುಂಬದ್ದಕ್ಕೆ ಸಂಜೆ ಹಸಿವು. ಮತ್ತೆ ಎರಡು ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯಕ್ಕೆ ಬಂದೆ. ಭಜಿ ತಾನಾಗಿ ಕಡಿಮೆಯಾಯಿತು.

ಹಾಗಾದರೆ ತೂಕ ಎಲ್ಲಿಂದ ಬರುತ್ತಿತ್ತು? ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಮೇಲೆ ಹಾಕಿಕೊಳ್ಳುವ ಎಣ್ಣೆಯಿಂದ. ಕೈ ಅಂದಾಜಿನಲ್ಲಿ ಸುರಿಯುತ್ತಿದ್ದೆ. ಒಂದು ದಿನ ಅಳೆದು ನೋಡಿದೆ: ಮೂರು ದೊಡ್ಡ ಚಮಚ. ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ. ಅಂದರೆ ಎರಡು ರೊಟ್ಟಿಯಷ್ಟು ಎಣ್ಣೆಯಲ್ಲೇ ಉಣ್ಣುತ್ತಿದ್ದೆ! ಶೇಂಗಾದಲ್ಲೂ ಅರ್ಧದಷ್ಟು ಎಣ್ಣೆಯೇ ಅಲ್ವಾ? ಲೆಕ್ಕಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಪಟ್ಟಿ ನೋಡುತ್ತೇನೆ. ಅದರಲ್ಲಿ ನಮ್ಮ ಜೋಳ, ಸಜ್ಜಿ, ತೊಗರಿ ಎಲ್ಲಾ ಇವೆ.

ಮೂರು ವಾರ ಎಣ್ಣೆ ಒಂದು ಚಮಚಕ್ಕೆ ಇಳಿಸಿದೆ. ಬೇರೆ ಏನನ್ನೂ ಮುಟ್ಟಲಿಲ್ಲ. ಇದು ಬಹಳ ಮುಖ್ಯ. ಊಟ, ನಡಿಗೆ, ನಿದ್ದೆ ಮೂರನ್ನೂ ಒಂದೇ ಸಲ ಬದಲಿಸಿದರೆ ಯಾವುದರಿಂದ ಫಲ ಸಿಕ್ಕಿತು ಅಂತ ತಿಳಿಯುವುದೇ ಇಲ್ಲ.

ಇನ್ನೊಂದು ಮಾತು. ಒಂದು ದಿನದ ತೂಕ ನೋಡಿ ಹೆದರಬೇಡಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಸಜ್ಜಿ ರೊಟ್ಟಿ, ಭಜ್ಜಿಪಲ್ಯ, ಕಡುಬು ಉಂಡು ಬಂದೆ. ಮರುದಿನ ಬೆಳಿಗ್ಗೆ 1.6 ಕೆಜಿ ಜಾಸ್ತಿ. ಅಷ್ಟು ಕೊಬ್ಬು ಒಂದೇ ದಿನದಲ್ಲಿ ಬರಬೇಕಾದರೆ ಹನ್ನೆರಡು ಸಾವಿರ ಕ್ಯಾಲೊರಿ ಹೆಚ್ಚಿಗೆ ತಿಂದಿರಬೇಕು. ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ, ಹೊಟ್ಟೆಯಲ್ಲಿ ಊಟವೂ ಇರುತ್ತದೆ. ನಾಲ್ಕನೇ ದಿನ ತೂಕ ಮೊದಲಿನಷ್ಟೇ ಆಯಿತು. ಅದಕ್ಕೇ ನಾನು ವಾರದ ಸರಾಸರಿ ನೋಡುತ್ತೇನೆ. ಸೊಂಟದ ಅಳತೆ ತಿಂಗಳಿಗೆರಡು ಸಲ, ಸಾಕು.

ನಡಿಗೆಯದೂ ಹೀಗೇ. ಮೇ ತಿಂಗಳಲ್ಲಿ ಅದೇ ದಾರಿಗೆ ಆರು ನಿಮಿಷ ಹೆಚ್ಚು ಹಿಡಿಯಿತು. ಸುಸ್ತಾದೆ ಅಂದುಕೊಂಡು ಬಿಟ್ಟುಬಿಡುವವಳಿದ್ದೆ. ಪುಟ ತಿರುವಿದರೆ, ನಿಧಾನವಾದ ದಿನಗಳೆಲ್ಲ ಏಳರ ನಂತರ ಹೊರಟ ದಿನಗಳು. ನಮ್ಮೂರ ಬಿಸಿಲು ಗೊತ್ತಲ್ಲ, ಮಧ್ಯಾಹ್ನಕ್ಕೆ 40 ಡಿಗ್ರಿ ದಾಟುತ್ತದೆ. ಮೈ ತಂಪಾಗಿಡಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಎದೆಬಡಿತ ಏರುತ್ತದೆ. ಐದೂವರೆಗೆ ಹೊರಡತೊಡಗಿದೆ, ಮೊದಲಿನ ವೇಗ ಬಂತು.

ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಊಟ ಬದಲಿಸುವ ಮೊದಲು ದಯವಿಟ್ಟು ಡಾಕ್ಟರಿಗೆ ನೋಟ್‌ಬುಕ್ ತೋರಿಸಿ.

ಈ ತಿಂಗಳು ರಾತ್ರಿ ಊಟವನ್ನು ಒಂಬತ್ತರಿಂದ ಏಳಕ್ಕೆ ತಂದಿದ್ದೇನೆ. ಇವತ್ತಿಗೆ ಹನ್ನೊಂದು ದಿನ. ತೂಕ ಕದಲಿಲ್ಲ. ನಿದ್ದೆಯ ಸಾಲಿನಲ್ಲಿ ಮಾತ್ರ ಒಂಬತ್ತು ಸಲ "ಚೆನ್ನಾಗಿ" ಅಂತ ಬರೆದಿದ್ದೇನೆ.