ಮಗ್ಗ ನಿಂತ ಮನೆಯಲ್ಲಿ

ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದ ಹಿರಿಯರೊಬ್ಬರು ತೀರಿಕೊಂಡ ಮೂರನೆಯ ದಿನ ಅವರ ಮನೆಗೆ ಹೋದಾಗ, ಚರ್ಚಿನ ಸಭಾಪಾಲಕನಾದ ನಾನು ಏನಾದರೂ ಹೇಳಲೇಬೇಕೆಂಬ ಒತ್ತಡದಲ್ಲಿ ಸತ್ತವರು ಮತ್ತೆ ಎದ್ದುಬರುವರೆಂಬ ಬೈಬಲಿನ ವಚನವೊಂದನ್ನು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಿದ್ದೆ. ಮಗ್ಗದ ಮೇಲೆ ಅರ್ಧ ನೇಯ್ದ ಖಣ ಹಾಗೆಯೇ ಇತ್ತು. ಅದರ ದಡಿಯನ್ನು ಸವರುತ್ತ ಅವರ ಹೆಂಡತಿ, “ಅಯ್ಯನವರ, ಇದನ್ನ ಯಾರು ಮುಗಸಬೇಕ್ರಿ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಬೈಬಲಿನಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಹಗಲಿರುಳು ಅವನೊಂದಿಗೆ ನೆಲದ ಮೇಲೆ ಮೌನವಾಗಿ ಕುಳಿತಿದ್ದರು. ಅವರು ಎಡವಿದ್ದು ಬಾಯಿ ತೆರೆದ ಮೇಲೆಯೇ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸುವೆನೆಂದು ಬಲ್ಲ ಯೇಸುವೂ ಅವನ ಸಮಾಧಿಗೆ ಹೋಗುವಾಗ ಕಣ್ಣೀರು ಬಿಟ್ಟನೆಂದು ಎಷ್ಟೋ ಸಲ ಬೋಧಿಸಿದ್ದೇನೆ, ಆದರೆ ಬೋಧಿಸುವುದು ಸುಲಭ. ಅಷ್ಟರಲ್ಲಿ ನೆರೆಮನೆಯ ತಾಯಿ ಬುತ್ತಿ ಬಿಚ್ಚಿ, ಜೋಳದ ರೊಟ್ಟಿ ಮುರಿದು, ಮಾತಿಲ್ಲದೆ ಅವರ ಕೈಗಿಟ್ಟರು. ನಾನು ಬೈಬಲನ್ನು ಮುಚ್ಚಿ ನೀರಿನ ತಂಬಿಗೆಯನ್ನು ಅವರತ್ತ ಸರಿಸಿದೆ.