ದೇವನಹಳ್ಳಿಗೆ ಹೊರಡುವ ಕಾರು

ಅಪ್ಪ, ಅಮ್ಮ ಮುಂದಿನ ವಾರ ತಂಗಿಯ ಮನೆಗೆಂದು ಸಿಂಗಪುರಕ್ಕೆ ಹೊರಡುತ್ತಿರುವುದರಿಂದ, ಮೈಸೂರಿನಿಂದ ಕೆಂಪೇಗೌಡ ವಿಮಾನ ನಿಲ್ದಾಣದವರೆಗೆ ಒಂದು ಕಾರನ್ನು ಇಂದು ಗೊತ್ತುಮಾಡಿದೆ. ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ, ಚೆನ್ನಾಗಿಯೂ ಇದೆ; ಆದರೆ ಅಮ್ಮನ ಮಂಡಿನೋವಿಗೆ ಬೇಕೆಂದಲ್ಲಿ ನಿಲ್ಲಿಸುವ ವಾಹನವೇ ಸರಿಯೆನಿಸಿತು. ದಶಪಥದ ಟೋಲ್, ನೈಸ್ ರಸ್ತೆಯ ಟೋಲ್, ಸಾದಹಳ್ಳಿಯ ಟೋಲ್, ಚಾಲಕರ ಬಾಟಾ ಇವೆಲ್ಲವೂ ಹೇಳಿದ ದರದಲ್ಲೇ ಸೇರಿವೆಯೇ ಎಂಬುದನ್ನು ಮೊದಲು ಕೇಳಿ, ಬರಹದಲ್ಲಿಯೇ ಪಡೆದುಕೊಂಡೆ. ಹಳದಿ ಫಲಕದ ಗಾಡಿಯೇ ಬೇಕೆಂದೂ ತಿಳಿಸಿದೆ; ಬಿಳಿ ಫಲಕದ ಸ್ವಂತ ಕಾರನ್ನು ಬಾಡಿಗೆಗೆ ಓಡಿಸಲು ಕಾನೂನಿನಲ್ಲಿ ಅವಕಾಶವಿಲ್ಲ, ಅಗ್ಗವೆಂದು ಹತ್ತಿದರೆ ಅಪಘಾತದ ವಿಮೆಗೂ ತೊಡಕಾಗಬಹುದು. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರಿನಲ್ಲಿ ಎರಡನೆಯ ಟರ್ಮಿನಲ್‌ಗೆ ಸ್ಥಳಾಂತರಗೊಂಡಿರುವುದರಿಂದ ಅದನ್ನೂ ಬುಕಿಂಗ್ ಸಂದೇಶದಲ್ಲಿ ಬರೆಸಿದೆ.

ಮಕ್ಕಳು ದೂರ ದೇಶಗಳಲ್ಲಿ ನೆಲೆಸಿರುವ ನಮ್ಮೂರಿನ ಎಷ್ಟೋ ಮನೆಗಳಲ್ಲಿ ಈಗ ನಂಬಿಕೆಯ ಚಾಲಕರೊಬ್ಬರ ನಂಬರು ವೈದ್ಯರ ನಂಬರಿನ ಪಕ್ಕದಲ್ಲಿಯೇ ಇರುತ್ತದೆ. ವಯಸ್ಸಾದವರನ್ನು ಸರಿರಾತ್ರಿಯಲ್ಲಿ ಒಪ್ಪಿಸಿ ಕಳುಹಿಸುವಾಗ ದರಕ್ಕಿಂತ ಮನುಷ್ಯರನ್ನೇ ನೋಡುತ್ತೇವೆ. ನಾವು ಗೊತ್ತುಮಾಡಿದವರು, ಹೆಬ್ಬಾಳದ ದಟ್ಟಣೆಯನ್ನು ಲೆಕ್ಕಕ್ಕೆ ಹಿಡಿದು ಒಂದು ಗಂಟೆ ಮೊದಲೇ ಹೊರಡೋಣವೆಂದು ತಾವಾಗಿಯೇ ಹೇಳಿದರು. ಅಮ್ಮ ಒಡನೆಯೇ ಒಪ್ಪಿದರು.