ತಾರಸಿಯ ಅವರೆ: ಬಿತ್ತನೆಯಿಂದ ಸಂಕ್ರಾಂತಿವರೆಗೆ

ಜುಲೈ 6, 2025, ಭಾನುವಾರ

ಇವತ್ತು ಬಿತ್ತಿದೆ. ತುಮಕೂರಿನ ನಮ್ಮ ಮನೆಯ ತಾರಸಿಯಲ್ಲಿ ಅರ್ಧಕ್ಕೆ ಕತ್ತರಿಸಿದ ಐದು ನೀಲಿ ಡ್ರಮ್ಮುಗಳಿವೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆಯ ಸಗಣಿ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಮೂರು ಡ್ರಮ್ಮಿಗೆ ಅವ್ವ ಕೊಟ್ಟ ನಾಟಿ ಅವರೆ, ಉಳಿದೆರಡಕ್ಕೆ ಹೆಬ್ಬಾಳ ಅವರೆ.

ನನ್ನ ತವರು ಮಾಗಡಿ ಕಡೆ. ಅಲ್ಲಿ ಅವರೆಗೆ ಅಂತ ಬೇರೆ ಹೊಲ ಇರಲಿಲ್ಲ. ರಾಗಿಯ ನಡುವೆ ಅಕ್ಕಡಿ ಸಾಲು ಹಾಕುತ್ತಿದ್ದರು. ರಾಗಿ ಕೊಯ್ದ ಮೇಲೆ ಅವರೆಗೆ ಜಾಗವೂ ಬಿಸಿಲೂ ಸಿಕ್ಕಿ ಹೊಲ ತುಂಬಾ ಹಬ್ಬಿಕೊಳ್ಳುತ್ತಿತ್ತು. ಆ ಬೀಜವನ್ನು ಅವ್ವ ಇವತ್ತಿಗೂ ಬೂದಿಯಲ್ಲಿ ಬೆರೆಸಿ ಡಬ್ಬಿಯಲ್ಲಿ ಇಡುತ್ತಾಳೆ. ನಾನು ಫೋನು ಮಾಡಿ ಕೇಳಿದಾಗ ಅವಳು ಅಂದಿದ್ದು ಒಂದೇ ಮಾತು: "ಬಿತ್ತು ಮಗಾ, ಆದ್ರೆ ಅವಸರ ಮಾಡ್ಬ್ಯಾಡ. ಮಂಜು ಬೀಳೋವರೆಗೆ ಅದು ಹೂ ಬಿಡಲ್ಲ."

ಅವ್ವ ಹೇಳಿದ್ದು ವಿಜ್ಞಾನವೇ. ನಾಟಿ ಅವರೆ ಹಗಲು ಕುಗ್ಗಿದಾಗ, ಅಂದರೆ ರಾತ್ರಿ ಉದ್ದವಾದಾಗ ಮಾತ್ರ ಹೂ ಬಿಡುತ್ತದೆ. ನಮ್ಮ ಕಡೆ ಜೂನ್ ಕೊನೆಯ ಹಗಲಿಗೂ ಡಿಸೆಂಬರ್ ಕೊನೆಯ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ ಅಷ್ಟೇ. ಅಷ್ಟು ಸಣ್ಣ ವ್ಯತ್ಯಾಸ ಬಳ್ಳಿಗೆ ಗೊತ್ತಾಗುತ್ತದೆ! ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ತಳಿಗಳಿಗೆ ಈ ಲೆಕ್ಕ ಬೇಕಿಲ್ಲ. ಯಾವ ಕಾಲದಲ್ಲಿ ಬಿತ್ತಿದರೂ ಹೂ ಬರುತ್ತದೆ. ಎರಡನ್ನೂ ಅಕ್ಕಪಕ್ಕ ಬೆಳೆಸಿ, ತಾರೀಖು ಬರೆದಿಟ್ಟು, ಶಾಲೆಯಲ್ಲಿ ನನ್ನ ಮಕ್ಕಳಿಗೆ ತೋರಿಸಬೇಕು. ಈ ವರ್ಷದ ನನ್ನ ಕೆಲಸ ಅದು.

ಜುಲೈ 20

ಎಲ್ಲ ಡ್ರಮ್ಮಿನಲ್ಲೂ ಮೊಳಕೆ ಬಂದಿದೆ. ಡ್ರಮ್ಮಿಗೆ ಮೂರು ಗಿಡ ಬಿಟ್ಟು ಮಿಕ್ಕಿದ್ದನ್ನು ಕಿತ್ತೆ.

ಆಗಸ್ಟ್ 10

ಮನೆಗೆ ಒಬ್ಬಳು ಬಂದಿದ್ದಾಳೆ. ಮೊನ್ನೆ ಸಂಜೆ ಸೋನೆ ಮಳೆಯಲ್ಲಿ ಶಾಲೆಯ ಕಾಂಪೌಂಡ್ ಪಕ್ಕ ನಡುಗುತ್ತಾ ಕೂತಿದ್ದಳು. ಎರಡು ತಿಂಗಳ ಬೀದಿ ನಾಯಿಮರಿ, ಕಂದು ಬಣ್ಣ, ಮುಂಗಾಲುಗಳು ಮಾತ್ರ ಬಿಳಿ. ಹೆಸರು ಸೋನೆ ಅಂತಲೇ ಇಟ್ಟೆವು. ಬಂದ ಎರಡನೇ ದಿನವೇ ಐದನೇ ಡ್ರಮ್ಮಿನ ಮಣ್ಣು ಕೆದರಿ ಒಂದು ಹೆಬ್ಬಾಳ ಗಿಡ ಕಿತ್ತು ಹಾಕಿದ್ದಾಳೆ. ಡ್ರಮ್ಮುಗಳ ಸುತ್ತ ಹಳೆಯ ಸೊಳ್ಳೆ ಪರದೆ ಕಟ್ಟಿದೆ.

ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹುಳದ ಔಷಧಿ ಕೊಡಿಸಿದ್ದಾಯಿತು. ಮೂರು ತಿಂಗಳಾದ ಮೇಲೆ ರೇಬಿಸ್ ಲಸಿಕೆ.

ಆಗಸ್ಟ್ 24

ಹೆಬ್ಬಾಳ ಅವರೆ ಹೂ ಬಿಟ್ಟಿದೆ. ಬಿತ್ತಿ ಐವತ್ತು ದಿನವೂ ಆಗಿಲ್ಲ. ಗಿಡ್ಡ ಗಿಡ, ಹಬ್ಬುವುದಿಲ್ಲ, ತುದಿಯಲ್ಲಿ ನೆಟ್ಟಗೆ ನಿಂತ ಹೂ ಗೊಂಚಲು. ನಾಟಿ ಅವರೆ ಮಾತ್ರ ಬರೀ ಎಲೆ. ಸುತ್ತಲಿ ದಾರ ಹಿಡಿದು ಚಪ್ಪರ ಪೂರ್ತಿ ಏರಿದೆ.

ಈ ವಾರ ಸ್ಟಾಫ್ ರೂಮಿನಲ್ಲಿ ಬೀದಿ ನಾಯಿಗಳದ್ದೇ ಮಾತು. ದೆಹಲಿಯ ನಾಯಿಗಳನ್ನೆಲ್ಲ ಹಿಡಿದು ಕೂಡಿ ಹಾಕಿ ಎಂದು ಆಗಸ್ಟ್ 11ರಂದು ಬಂದ ಸುಪ್ರೀಂ ಕೋರ್ಟ್ ಆದೇಶವನ್ನು 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಬದಲಿಸಿತು. ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ರೇಬಿಸ್ ಇರುವಂಥವನ್ನೂ ಮೈಮೇಲೆ ಬೀಳುವಂಥವನ್ನೂ ಬಿಡಬಾರದು. ನನಗೆ ಇದು ಸರಿ ಕಾಣುತ್ತದೆ. ಮಕ್ಕಳನ್ನು ನಾಯಿ ಕಚ್ಚುವುದು ಸಣ್ಣ ವಿಷಯ ಅಲ್ಲವೇ ಅಲ್ಲ. ನನ್ನ ತರಗತಿಯಲ್ಲೇ ಇಬ್ಬರು ಇಂಜೆಕ್ಷನ್ ತಗೊಂಡಿದ್ದಾರೆ. ಆದರೆ ಒಂದು ಬೀದಿಯ ನಾಯಿಗಳನ್ನೆಲ್ಲ ಎತ್ತಿಕೊಂಡು ಹೋದರೆ ಪಕ್ಕದ ಬೀದಿಯವು ಬಂದು ಸೇರಿಕೊಳ್ಳುತ್ತವೆ. ಲಸಿಕೆ ಹಾಕಿ ಕಿವಿಯ ತುದಿ ಗುರುತು ಮಾಡಿದ ನಾಯಿ ಬೀದಿಯಲ್ಲಿದ್ದರೆ ಎಲ್ಲರಿಗೂ ಒಳ್ಳೆಯದು. ಅದಕ್ಕೆ ದುಡ್ಡು, ಜನ, ಡಾಕ್ಟರು ಬೇಕು. ಜಗಳ ಮಾಡುವುದಾದರೆ ಅದಕ್ಕೆ ಮಾಡಬೇಕು.

ಸೆಪ್ಟೆಂಬರ್ 20

ಹೆಬ್ಬಾಳ ಅವರೆಯ ಮೊದಲ ಕೊಯ್ಲು, ಅರ್ಧ ಕಿಲೋ ಕಾಯಿ. ಸುಲಿದು ಉಪ್ಪಿಟ್ಟಿಗೆ ಹಾಕಿದೆ. ಕಾಳು ಮೆತ್ತಗೆ ಬೆಂದಿತ್ತು, ರುಚಿಯೂ ಚೆನ್ನಾಗಿತ್ತು. ಸೊಗಡು ಮಾತ್ರ ಇಲ್ಲ. ಬೆರಳು ಮೂಸಿ ನೋಡಿದೆ, ಹಸಿರು ವಾಸನೆ ಬಿಟ್ಟರೆ ಏನೂ ಇಲ್ಲ. ಸೊಗಡಿಗೆ ಚಳಿ ಬೇಕು, ಮಂಜು ಬೇಕು ಅನ್ನುತ್ತಾಳೆ ಅವ್ವ.

ಸೋಮವಾರದಿಂದ ಸಮೀಕ್ಷೆ ಕೆಲಸ. ತೋಟಕ್ಕೆ ನೀರು ಹಾಕುವುದನ್ನು ನಮ್ಮ ಮನೆಯವರಿಗೆ ಒಪ್ಪಿಸಿದ್ದೇನೆ.

ಅಕ್ಟೋಬರ್ 19

ಸುಮಾರು ಒಂದು ತಿಂಗಳು ಇಲ್ಲಿ ಏನೂ ಬರೆಯಲಾಗಲಿಲ್ಲ. ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಸೆಪ್ಟೆಂಬರ್ 22ಕ್ಕೆ ಶುರುವಾಯಿತು. ದಸರಾ ರಜೆಯಲ್ಲಿ ಮುಗಿಯಬೇಕಿದ್ದದ್ದು ಮುಗಿಯಲಿಲ್ಲ. ಶಾಲೆಯ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಕರೆಂಟ್ ಮೀಟರಿನ ಆರ್‌ಆರ್ ನಂಬರ್ ಹಿಡಿದು ಮನೆ ಹುಡುಕುವುದು, ಬಾಗಿಲ ಸ್ಟಿಕ್ಕರ್ ನೋಡುವುದು, ಕೂತು 60 ಪ್ರಶ್ನೆ ಕೇಳುವುದು. ನನ್ನ ಪಾಲಿಗೆ ಬಂದದ್ದು ನೂರಕ್ಕೂ ಜಾಸ್ತಿ ಮನೆ. ಹಗಲು ಗಂಡಸರು ಹೆಂಗಸರು ಇಬ್ಬರೂ ಕೆಲಸಕ್ಕೆ ಹೋಗಿರುತ್ತಾರೆ. ಕತ್ತಲಾದ ಮೇಲೆ ಮತ್ತೆ ಹೋಗಬೇಕು. ಒಂದು ಓಣಿಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಮೂಲೆಯ ಅಂಗಡಿ ಮುಂದೆ ನಿಂತು ಒಂದೊಂದೇ ಮನೆಯ ವಿವರ ಕಳಿಸುತ್ತಿದ್ದೆ.

ಜಾತಿ ಎಣಿಕೆ ಬೇಡವೇ ಬೇಡ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಹಿಂದುಳಿದವರಿಗೆ ಮೀಸಲಾತಿ ಕೊಡುವ ವಿಷಯಕ್ಕೆ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ಮಾಡದೇ ಇದ್ದಿದ್ದರೆ, 1975ರಲ್ಲಿ ಹಾವನೂರು ಆಯೋಗದ ವರದಿ ಬರದೇ ಇದ್ದಿದ್ದರೆ ನಮ್ಮಂಥ ಮನೆಗಳಿಂದ ಒಬ್ಬ ಟೀಚರು ಬರುವುದು ಕಷ್ಟವಿತ್ತು. ನಮ್ಮಪ್ಪನಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಯಾರ ಹತ್ತಿರ ಎಷ್ಟು ಜಮೀನಿದೆ, ಯಾರ ಮಗಳು ಎಲ್ಲಿಗೆ ಓದು ಬಿಟ್ಟಳು ಎಂದು ಗೊತ್ತಿಲ್ಲದೆ ನ್ಯಾಯ ಹಂಚುವುದು ಹೇಗೆ? 2015ರಲ್ಲೂ ಇದೇ ರೀತಿ ಮನೆಮನೆ ಸುತ್ತಿದ್ದರು. ಹತ್ತು ವರ್ಷ ಆಯಿತು, ಈಗ ಮತ್ತೆ ಸುತ್ತಿದ್ದೇವೆ. ಈ ಸಲವಾದರೂ ಅಂಕಿ ಬೇಗ ಜನರ ಮುಂದೆ ಬರಬೇಕು. ಉತ್ತರ ಕೊಡುವುದು ಅವರವರ ಇಷ್ಟ, ಮಾಹಿತಿ ಗುಟ್ಟಾಗಿರಬೇಕು ಎಂದು ಹೈಕೋರ್ಟ್ ಹೇಳಿದ್ದೂ ನನಗೆ ಹಿಡಿಸಿತು. ಅದನ್ನು ಪ್ರತಿ ಮನೆಯಲ್ಲೂ ಹೇಳಿಯೇ ಶುರು ಮಾಡಿದೆ.

ಆದರೆ ಈ ಕೆಲಸಕ್ಕೆ ಬೇರೆ ಜನ ಬೇಕು. ನನ್ನ ಹತ್ತನೇ ತರಗತಿಯವರಿಗೆ ಮಾರ್ಚ್‌ನಲ್ಲಿ ಪರೀಕ್ಷೆ. ಹೋದ ದಿನಗಳನ್ನು ಬೆಳಗ್ಗೆ ಒಂದು ಪೀರಿಯಡ್ ಜಾಸ್ತಿ ಮಾಡಿ ಸರಿದೂಗಿಸುತ್ತೇವೆ ಅಂದರೂ, ಹಳ್ಳಿಯಿಂದ ಮೊದಲ ಬಸ್ಸಿಗೆ ಬರುವ ಮಗು ಅದಕ್ಕಿಂತ ಬೇಗ ಬರುವುದು ಹೇಗೆ? ಓದು ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು ಪ್ರತಿ ಊರಿನಲ್ಲೂ ಇದ್ದಾರೆ. ತರಬೇತಿ ಕೊಟ್ಟು, ಸಂಬಳ ಕೊಟ್ಟು ಅವರಿಂದ ಮಾಡಿಸಬಹುದು.

ಒಂದು ಮನೆಯ ಅಜ್ಜಿಗೆ ವಯಸ್ಸು ಗೊತ್ತಿರಲಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತಿತ್ತು. "ಅದು ಅವರು ಬರ್ಕೊಂಡಿದ್ದು ಕಣವ್ವ. ನಮ್ಮವ್ವ ಅವರೆಕಾಯಿ ಬಿಡಿಸಕ್ಕೆ ಹೋದಾಗ ನೋವು ಬಂತಂತೆ. ಅವರೆ ಸುಗ್ಗೀಲಿ ಹುಟ್ಟಿದೋಳು ನಾನು" ಅಂದರು. ಆ್ಯಪ್‌ನಲ್ಲಿ ಅದಕ್ಕೆ ಜಾಗ ಇಲ್ಲ. ಇಲ್ಲಿ ಬರೆದಿಡುತ್ತಿದ್ದೇನೆ.

ನವೆಂಬರ್ 2

ಬಂತು! ಒಂದು ಮತ್ತು ಎರಡನೇ ಡ್ರಮ್ಮಿನ ನಾಟಿ ಅವರೆಯಲ್ಲಿ ಹೂ. ಒಂದು ಬಳ್ಳಿಯದು ಬಿಳಿ, ಮಿಕ್ಕವು ನೇರಳೆ. ಬಿತ್ತಿ ನಾಲ್ಕು ತಿಂಗಳಾಯಿತು. ಅಕ್ಟೋಬರ್ ಮೊದಲ ವಾರದಿಂದ ಹಗಲು ಹನ್ನೆರಡು ಗಂಟೆಗಿಂತ ಕಡಿಮೆಯಾಗಿದೆ. ಬೆಳಗ್ಗೆ ದೊಡ್ಡ ಕಪ್ಪು ದುಂಬಿಗಳು ಗುಂಯ್‌ಗುಡುತ್ತಾ ಬರುತ್ತಿವೆ.

ಮೂರನೇ ಡ್ರಮ್ಮಿನಲ್ಲಿ ಒಂದೂ ಹೂವಿಲ್ಲ. ಅದೇ ಬೀಜ, ಅದೇ ಮಣ್ಣು, ಅದೇ ದಿನ ಬಿತ್ತಿದ್ದು. ಬಳ್ಳಿಯಲ್ಲಿ ರೋಗದ ಲಕ್ಷಣವೂ ಇಲ್ಲ.

ನವೆಂಬರ್ 9

ಕಾರಣ ಸಿಕ್ಕಿತು ಅನ್ನಿಸುತ್ತಿದೆ. ನಿನ್ನೆ ರಾತ್ರಿ ಸೋನೆ ತಾರಸಿಯಲ್ಲಿ ಬೊಗಳುತ್ತಿದ್ದಳು ಅಂತ ಹತ್ತಿ ಹೋದೆ. ಮೂರನೇ ಡ್ರಮ್ಮಿನ ಎಲೆಗಳು ಒಂದೊಂದೂ ಎಣಿಸುವಷ್ಟು ಬೆಳಗುತ್ತಿದ್ದವು. ಬೀದಿದೀಪ! ಹೊಸ ಎಲ್‌ಇಡಿ ದೀಪ ನೇರವಾಗಿ ಆ ಮೂಲೆಗೇ ಬೀಳುತ್ತದೆ. ಒಂದು, ಎರಡನೇ ಡ್ರಮ್ಮುಗಳು ಮೆಟ್ಟಿಲ ಕೋಣೆಯ ಹಿಂದೆ ಕತ್ತಲಲ್ಲಿವೆ.

ಟಾರ್ಚ್ ಹಿಡಿದು ಮೂರನೇ ಬಳ್ಳಿಯನ್ನು ಬುಡದಿಂದ ತುದಿವರೆಗೆ ನೋಡಿದೆ. ಅದರ ಒಂದು ಕವಲು ನೀರಿನ ಟ್ಯಾಂಕಿನ ಹಿಂದೆ ಹರಿದಿದೆ. ಟ್ಯಾಂಕಿನ ನೆರಳು ಬೀಳುವ ಆ ಒಂದೇ ಕವಲಿನಲ್ಲಿ ಚಿಕ್ಕ ಮೊಗ್ಗುಗಳ ಗೊಂಚಲು ಇತ್ತು. ಹತ್ತು ಗಂಟೆ ರಾತ್ರಿಯಲ್ಲಿ ನಾನು ಒಬ್ಬಳೇ ಚಪ್ಪಾಳೆ ತಟ್ಟಿದೆ.

1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಹೊಗೆಸೊಪ್ಪು, ಸೋಯಾ ಅವರೆ ಗಿಡಗಳನ್ನು ಕತ್ತಲ ಗೂಡಿನಲ್ಲಿಟ್ಟು, ಹಗಲನ್ನು ಚಿಕ್ಕದು ಮಾಡಿ ಹೂ ಬಿಡಿಸಿದ್ದನ್ನು ಪ್ರಕಟಿಸಿದರು. ಅದನ್ನು ಎಷ್ಟೋ ವರ್ಷದಿಂದ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೇನೆ. ಕಣ್ಣಾರೆ ಕಂಡಿದ್ದು ನಿನ್ನೆ ರಾತ್ರಿ.

ಇವತ್ತು ಸಂಜೆಯಿಂದ ದೀಪಕ್ಕೂ ಡ್ರಮ್ಮಿಗೂ ನಡುವೆ ಎರಡು ಬಿದಿರು ಗಳ ನಿಲ್ಲಿಸಿ ಹಳೆಯ ಕಪ್ಪು ಕಂಬಳಿ ಕಟ್ಟಿದ್ದೇನೆ. ಆರು ಗಂಟೆಗೆ ಇಳಿಬಿಡುವುದು, ಬೆಳಗ್ಗೆ ಆರಕ್ಕೆ ಎತ್ತುವುದು.

ನವೆಂಬರ್ 16

ಎರಡನೇ ಡ್ರಮ್ಮಿನ ಎಳೆಯ ತುದಿಗಳಿಗೆ ಕಪ್ಪು ಹೇನು ಮುತ್ತಿದೆ. ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿದೆ. ಗುಲಗಂಜಿ ಹುಳುಗಳು ಬಂದು ಹೇನು ತಿನ್ನುತ್ತಿವೆ. ಅವು ಇದ್ದ ಕಡೆ ಸಿಂಪಡಿಸಲಿಲ್ಲ.

ನವೆಂಬರ್ 30

ಮೂರನೇ ಡ್ರಮ್ಮಿನಲ್ಲಿ ಹೂ. ಕಂಬಳಿ ಕಟ್ಟಿ ಸರಿಯಾಗಿ ಮೂರು ವಾರ. ಒಂದು ಡ್ರಮ್ಮಿನ ಲೆಕ್ಕ ಸಾಕ್ಷಿ ಆಗುವುದಿಲ್ಲ, ಮುಂದಿನ ವರ್ಷ ಮತ್ತೆ ನೋಡಬೇಕು. ಆದರೂ ಮಕ್ಕಳಿಗೆ ಫೋಟೋ ತೋರಿಸಿದೆ. ಇಬ್ಬರು ಹುಡುಗಿಯರು ಮನೆಗೇ ಬಂದು ನೋಡಿದರು.

ಅವರಲ್ಲಿ ಒಬ್ಬಳು ಕೇಳಿದಳು: "ಮಿಸ್, ಹಾಗಾದ್ರೆ ಆ ಲೈಟ್ ತೆಗೆಸ್ತೀರಾ?" ಮುಖದಲ್ಲಿ ಗಾಬರಿ ಇತ್ತು. ಆ ದೀಪ ಇರುವುದರಿಂದಲೇ ಅವಳು ಸಂಜೆ ಟ್ಯೂಷನ್ ಮುಗಿಸಿ ಒಬ್ಬಳೇ ಮನೆಗೆ ನಡೆದು ಹೋಗುತ್ತಾಳೆ.

ದೀಪ ಬೇಕೇ ಬೇಕು. ಆದರೆ ಅದರ ಬೆಳಕು ರಸ್ತೆಗೆ ಬೀಳಬೇಕು. ಮೇಲುಗಡೆ, ಪಕ್ಕಕ್ಕೆ ಒಂದು ಮರೆ ಹಾಕಿದರೆ ಹುಡುಗಿಗೂ ಬೆಳಕು, ಬಳ್ಳಿಗೂ ರಾತ್ರಿ. ಇಂಥ ಸಣ್ಣ ಮಾತನ್ನು ಯಾರಿಗೆ ಹೇಳಬೇಕು? ವಾರ್ಡಿನ ಸದಸ್ಯರಿಗೆ. ತುಮಕೂರು, ಮೈಸೂರು, ಶಿವಮೊಗ್ಗ ಪಾಲಿಕೆಗಳಿಗೆ 2018ರ ಆಗಸ್ಟ್ ಕೊನೆಯಲ್ಲಿ ಮತದಾನ ಆಗಿತ್ತು. ಐದು ವರ್ಷದ ಅವಧಿ ಮುಗಿದ ಮೇಲೆ ಮತ್ತೆ ಚುನಾವಣೆ ಆಗಿಲ್ಲ. ನಮ್ಮ 35 ವಾರ್ಡಿಗೂ ಈಗ ಸದಸ್ಯರಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಮಾಡಿ ಮುಗಿಸಬೇಕು ಎಂದು ಸಂವಿಧಾನದಲ್ಲೇ ಇದೆ. 74ನೇ ತಿದ್ದುಪಡಿ ಬಂದದ್ದೇ ಅದಕ್ಕೆ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಿಂದ ಚುನಾಯಿತ ಸದಸ್ಯರಿಲ್ಲ. ಯಾವ ಪಕ್ಷದ ಸರ್ಕಾರ ಇದ್ದರೂ ಹೀಗೇ ಮುಂದೂಡುತ್ತಾ ಬಂದಿದೆ. ಅಧಿಕಾರಿಗಳು ಕೆಲಸ ಮಾಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಬೀದಿಯಲ್ಲಿ ಎದುರು ಸಿಕ್ಕಾಗ ನಿಲ್ಲಿಸಿ ಕೇಳುವುದಕ್ಕೆ, ಮುಂದಿನ ಸಲ ವೋಟು ಹಾಕಲ್ಲ ಅನ್ನುವುದಕ್ಕೆ ಒಬ್ಬರು ಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ರಾಜಕೀಯ ಪ್ರಶ್ನೆ ಇದೇ.

ಡಿಸೆಂಬರ್ 21

ರಾತ್ರಿ ಚಳಿ ಜೋರಾಗಿದೆ. ಬೆಳಗ್ಗೆ ದೇವರಾಯನದುರ್ಗದ ಕಡೆ ಏನೂ ಕಾಣುವುದಿಲ್ಲ, ಬರೀ ಮಂಜು. ಒಂದು, ಎರಡನೇ ಡ್ರಮ್ಮಿನಿಂದ ಒಂದೂವರೆ ಕಿಲೋ ಕಾಯಿ ಕಿತ್ತೆ. ಕೈಗೆ ಅಂಟು ಅಂಟು ಜಿಡ್ಡು. ಮೂಸಿದೆ. ಸೊಗಡು! ಅದೇ ವಾಸನೆ. ಅವ್ವ ಸೆರಗಿನಲ್ಲಿ ಕಾಯಿ ತುಂಬಿಕೊಂಡು ಹೊಲದಿಂದ ಬರುತ್ತಿದ್ದಾಗ ಇರುತ್ತಿತ್ತಲ್ಲ, ಅದೇ.

ರಾತ್ರಿ ಕಾಳು ನೆನೆಹಾಕಿ, ಬೆಳಗ್ಗೆ ಮನೆಮಂದಿಯೆಲ್ಲ ಸುತ್ತ ಕೂತು ಹಿತಕಿದೆವು. ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಜಿಗಿಯುತ್ತದೆ. ಕೆಳಗೆ ಬಿದ್ದಿದ್ದನ್ನು ಸೋನೆ ಹಿಡಿಯಲು ನೋಡುತ್ತಾಳೆ. ಮಸಾಲೆಗೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಹುರಿದು, ಚಕ್ಕೆ ಲವಂಗ, ಗಸಗಸೆ, ಧನಿಯ, ಕಾಯಿತುರಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಿದೆ. ಒಗ್ಗರಣೆಗೆ ಟೊಮೇಟೊ ಹಾಕಿ, ಅದು ಕರಗಿದ ಮೇಲೆ ಮಸಾಲೆ, ಆಮೇಲೆ ಬೇಳೆ. ಕುಕ್ಕರ್ ಬೇಡ. ತೆರೆದ ಪಾತ್ರೆಯಲ್ಲಿ ಬೇಯಿಸಿದರೆ ಬೇಳೆ ಇಡಿಯಾಗಿ ಉಳಿಯುತ್ತದೆ. ಬಿಸಿ ರಾಗಿ ಮುದ್ದೆ, ಮೇಲೆ ತುಪ್ಪ. ಪಕ್ಕದ ಮನೆಗೂ ಒಂದು ಡಬ್ಬಿ ಕಳಿಸಿದೆ. ಸಿಪ್ಪೆಯೆಲ್ಲ ಹಾಲು ಕೊಡುವವರ ಹಸುವಿಗೆ ಹೋಯಿತು.

ಜನವರಿ 18, 2026

ಸಂಕ್ರಾಂತಿಗೆ ಅವ್ವ ಬಂದಿದ್ದಳು. ಮೂರನೇ ಡ್ರಮ್ಮಿನ ಕಾಯಿ ತಡವಾಗಿ ಬಂದರೂ ಹಬ್ಬಕ್ಕೆ ಸರಿಯಾಗಿ ಸಿಕ್ಕಿತು. ಕಡಲೆಕಾಯಿ, ಗೆಣಸಿನ ಜೊತೆ ಉಪ್ಪು ಹಾಕಿ ಇಡಿಯಾಗಿ ಬೇಯಿಸಿದೆವು. ಅವ್ವ ಕಂಬಳಿಯ ಕಥೆ ಪೂರ್ತಿ ಕೇಳಿ, "ನಮ್ ಹೊಲದಲ್ಲಿ ಲೈಟೇ ಇರ್ಲಿಲ್ವಲ್ಲ, ಅದಕ್ಕೇ ನಂಗೆ ಗೊತ್ತಾಗ್ಲಿಲ್ಲ" ಅಂದಳು.

ಸೋನೆಗೆ ರೇಬಿಸ್ ಲಸಿಕೆ ಆಗಿದೆ. ಬರುವ ತಿಂಗಳು ಸಂತಾನಹರಣ ಮಾಡಿಸುತ್ತೇವೆ.

ದೀಪಕ್ಕೆ ಮರೆ ಹಾಕಿಸಲು ಅರ್ಜಿ ಬರೆದು ಕೊಟ್ಟಿದ್ದೇನೆ. ಬೀದಿಯ ಹದಿನೇಳು ಮನೆಯವರು ಸಹಿ ಹಾಕಿದ್ದಾರೆ. ಟ್ಯೂಷನ್ ಹುಡುಗಿಯ ಅಮ್ಮ ಮೊದಲ ಸಹಿ ಹಾಕಿದರು.

ಒಂದನೇ ಡ್ರಮ್ಮಿನ ಮೇಲ್ಗಡೆಯ ಇಪ್ಪತ್ತು ಕಾಯಿಗಳನ್ನು ಕೀಳದೆ ಬಳ್ಳಿಯಲ್ಲೇ ಒಣಗಲು ಬಿಟ್ಟಿದ್ದೇನೆ. ಬೀಜಕ್ಕೆ. ಅವ್ವ ಹೋಗುವಾಗ ಒಂದು ಪೊಟ್ಟಣ ಬೂದಿ ಕೊಟ್ಟು ಹೋದಳು.